ಹೆಡ್‌ಫೋನ್ ಜೊತೆ ಆಂಪ್ ಬೇಕೇ ಬೇಕಾ? ದುಡ್ಡು ಕೊಡೋ ಮುನ್ನ ಒಂದು ಲೆಕ್ಕ

“ಐದು ಸಾವಿರ ಐತ್ರಿ. ಹೆಡ್‌ಫೋನ್ ತಗೋಬೇಕು. ಜೊತಿಗೆ ಆಂಪ್ಲಿಫೈಯರ್ ಬೇಕೇನ್ರಿ?”

ನಮ್ಮ ತಂಗಡಗಿ ಕಡೆಯ ಹುಡುಗ-ಹುಡುಗಿಯರು ನನಗೆ ಕೇಳುವ ಪ್ರಶ್ನೆ ಇದು. ಬಹುತೇಕ ಮಂದಿಗೆ ಬೇಡ ಅನ್ನೋದೇ ನನ್ನ ಉತ್ತರ. ಆದರೆ ನಾನು ಹೇಳಿದೆ ಅಂತ ನಂಬಬೇಡಿ, ಯೂಟ್ಯೂಬ್ ರಿವ್ಯೂದವರು ಹೇಳಿದರು ಅಂತಲೂ ನಂಬಬೇಡಿ. ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮ ನೆನಪಿದ್ದರೆ ಸಾಕು, ನೀವೇ ಲೆಕ್ಕ ಹಾಕಬಹುದು.

ಇದನ್ನ ಶೋಕಿಯ ವಿಷಯ ಅಂತ ತಳ್ಳಿಹಾಕೋರಿಗೆ ಒಂದು ಮಾತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಐದು ಸಾವಿರ ಅಂದರೆ ಹದಿಮೂರೂವರೆ ದಿನದ ಬೆವರು. ಒಂದೇ ಕೋಣೆಯ ಮನೆಯಲ್ಲಿ ಟಿವಿ, ಮಿಕ್ಸರ್, ಮಕ್ಕಳ ಗದ್ದಲದ ನಡುವೆ ಕೂತು ಪಿಎಸ್‌ಐ ಪರೀಕ್ಷೆಗೆ ಆನ್‌ಲೈನ್ ಕ್ಲಾಸ್ ಕೇಳುವ ಹುಡುಗಿಗೆ ಹೆಡ್‌ಫೋನೇ ಓದುವ ಕೋಣೆ. ಊರಿನ ಸಮಸ್ಯೆ ಬಗ್ಗೆ ವಿಡಿಯೋ ಮಾಡಿ ಎಡಿಟ್ ಮಾಡುವವನಿಗೆ ಅದು ಕೆಲಸದ ಸಾಮಾನು. ಹಾಗಾಗಿ ಆ ದುಡ್ಡಿನಲ್ಲಿ ಒಂದು ರೂಪಾಯಿಯೂ ಪೋಲಾಗಬಾರದು.

ಆಂಪ್ ಮಾಡೋದೇನು?

ಫೋನಿನಲ್ಲಿ ಹಾಡು ಇರೋದು ಅಂಕಿಗಳ ರೂಪದಲ್ಲಿ. ಆ ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವುದು ಡ್ಯಾಕ್. ಆ ಅಲೆಗೆ ಹೆಡ್‌ಫೋನ್ ಅಲುಗಾಡಿಸುವಷ್ಟು ಬಲ ಕೊಡುವುದು ಆಂಪ್. 3.5 ಮಿ.ಮೀ. ಜ್ಯಾಕ್ ಇರುವ ಫೋನಿನೊಳಗೆ ಇವೆರಡೂ ಇವೆ. ಜ್ಯಾಕ್ ಇಲ್ಲದ ಫೋನಿಗೆ ಚುಚ್ಚುವ ಟೈಪ್-ಸಿ ಡಾಂಗಲ್ ಇದೆಯಲ್ಲ, ಬೆರಳುದ್ದದ ಆ ವೈರಿನ ತುದಿಯಲ್ಲೂ ಇವೆರಡೂ ಇರಬಹುದು. ಬ್ಲೂಟೂತ್ ಹೆಡ್‌ಫೋನಿನಲ್ಲಂತೂ ಇವು ಕಿವಿಯ ಪಕ್ಕದಲ್ಲೇ ಕೂತಿರುತ್ತವೆ. ಅಂದರೆ ಬ್ಲೂಟೂತ್‌ನಲ್ಲೇ ಕೇಳುವವರಿಗೆ ಬೇರೆ ಆಂಪ್‌ನಿಂದ ಪ್ರಯೋಜನವಿಲ್ಲ.

ಆಂಪ್ ಬಲ ಹೆಚ್ಚಿಸುತ್ತದೆ, ಅಷ್ಟೇ. ಸಪ್ಪೆ ಹೆಡ್‌ಫೋನನ್ನು ಸಿಹಿ ಮಾಡುವ ಸಕ್ಕರೆ ಅದರಲ್ಲಿ ಇಲ್ಲ. ಇರುವ ಆಂಪ್‌ನ ಬಲ ಸಾಕಾಗುತ್ತಿದ್ದರೆ, ಹೊಸದರಿಂದ ಕಿವಿಗೆ ಗೊತ್ತಾಗುವಂಥ ಬದಲಾವಣೆ ಸಾಮಾನ್ಯವಾಗಿ ಆಗೋದಿಲ್ಲ.

ಎರಡು ಅಂಕಿ ಹುಡುಕಿ

ಡಬ್ಬಿಯ ಮೇಲೆ ‘ಹೈ-ರೆಸ್’, ‘ಎಕ್ಸ್‌ಟ್ರಾ ಬಾಸ್’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ನಮಗೆ ಬೇಕಾದ್ದು ಸಣ್ಣಕ್ಷರದಲ್ಲಿರುವ ಎರಡು ಅಂಕಿ.

ಒಂದು, ಇಂಪೀಡೆನ್ಸ್. ಹೆಡ್‌ಫೋನ್ ಒಡ್ಡುವ ವಿದ್ಯುತ್ ತಡೆ ಇದು, ಓಮ್‌ಗಳಲ್ಲಿ. ಎರಡು, ಸೆನ್ಸಿಟಿವಿಟಿ. ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನೋದು. ಲೆಕ್ಕದ ಸೂತ್ರ ಸರಳ: 3 ಡೆಸಿಬೆಲ್ ಹೆಚ್ಚಿಸಲು ಎರಡು ಪಟ್ಟು ಶಕ್ತಿ ಬೇಕು, 10 ಹೆಚ್ಚಿಸಲು ಹತ್ತು ಪಟ್ಟು.

ನಾವು ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುತ್ತೇವೆ, ತಬಲಾದ ಹಠಾತ್ ಪೆಟ್ಟಿನಂಥ ಕ್ಷಣಗಳಿಗೆ ಧಾರಾಳವಾಗಿ ಇನ್ನೂ 30 ಮೀಸಲಿಡೋಣ. ಅಲ್ಲಿಗೆ 110 ಡೆಸಿಬೆಲ್.

ಸ್ಟುಡಿಯೋಗಳಲ್ಲಿ ದಶಕಗಳಿಂದ ಓಡುತ್ತಿರುವ ಸೋನಿ ಎಂಡಿಆರ್-7506 ತಗೊಳ್ಳಿ. 63 ಓಮ್, 106 ಡೆಸಿಬೆಲ್. 110ಕ್ಕೆ ಏರಲು ಬೇಕಾದ್ದು ಎರಡೂವರೆ ಮಿಲಿವ್ಯಾಟ್, ವೋಲ್ಟ್ ಲೆಕ್ಕದಲ್ಲಿ 0.4. ಸಾಮಾನ್ಯ ಫೋನು, ಡಾಂಗಲ್‌ಗಳು ಅರ್ಧದಿಂದ ಒಂದು ವೋಲ್ಟ್ ಕೊಡುತ್ತವೆ. ಆಂಪ್ ಬೇಡ.

ಈಗ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ನೋಡ್ರಿ. ಇದು 32, 80, 250 ಓಮ್‌ಗಳಲ್ಲಿ ಬಂದಿದೆ, ಸೆನ್ಸಿಟಿವಿಟಿ 96 ಡೆಸಿಬೆಲ್. 110 ಮುಟ್ಟಲು 32 ಓಮ್‌ನದಕ್ಕೆ 0.9 ವೋಲ್ಟ್ ಸಾಕು, 80ಕ್ಕೆ 1.4 ಬೇಕು, 250ಕ್ಕೆ 2.5. ಹೆಚ್ಚು ಓಮ್ ಇದ್ದರೆ ‘ಪ್ರೊಫೆಷನಲ್’ ಅಂದುಕೊಂಡು 250ರದ್ದನ್ನು ತಂದವರು ಆಮೇಲೆ ಆಂಪ್ ಹುಡುಕಬೇಕಾಗುತ್ತದೆ. 32ರದ್ದನ್ನೇ ತಂದಿದ್ದರೆ ಆ ದುಡ್ಡು ಜೇಬಲ್ಲೇ ಉಳಿಯುತ್ತಿತ್ತು.

ಹಾಗಂತ ಓಮ್ ಒಂದನ್ನೇ ನೋಡಿದರೂ ಮೋಸ. ಹೈಫೈಮ್ಯಾನ್ ಎಚ್‌ಇ-6 ಅನ್ನೋದು ಬರೀ 50 ಓಮ್, ಆದರೆ ಸೆನ್ಸಿಟಿವಿಟಿ 83.5. ಅದನ್ನು 110ಕ್ಕೆ ಒಯ್ಯಲು ಸುಮಾರು 450 ಮಿಲಿವ್ಯಾಟ್, ಹತ್ತಿರ ಹತ್ತಿರ 4.7 ವೋಲ್ಟ್ ಬೇಕು. ಫೋನು ಕೈ ಎತ್ತಿಬಿಡುತ್ತದೆ. ಎರಡು ಅಂಕಿಯನ್ನೂ ಒಟ್ಟಿಗೇ ನೋಡಬೇಕು ಅನ್ನೋದು ಇದಕ್ಕೇ.

ಇನ್ನೊಂದು ಎಚ್ಚರ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್ ಬದಲು ಒಂದು ವೋಲ್ಟ್‌ಗೆ ಇಷ್ಟು ಅಂತ ಕೊಡುತ್ತವೆ. ಸೆನ್‌ಹೈಸರ್ ಎಚ್‌ಡಿ 600ಕ್ಕೆ ಒಂದು ವೋಲ್ಟ್‌ಗೆ 97 ಡೆಸಿಬೆಲ್, 300 ಓಮ್. ಮಿಲಿವ್ಯಾಟ್ ಲೆಕ್ಕಕ್ಕೆ ಇಳಿಸಿದರೆ ಅದು 92ರ ಆಸುಪಾಸು. ಯಾವ ಅಳತೆ ಅಂತ ನೋಡದೆ ಹೋಲಿಸಿದರೆ ಸೇರಿಗೂ ಕಿಲೋಗೂ ತಾಳೆ ಹಾಕಿದಂಗ ಆಗತೈತಿ.

ಹಾಗಾದರೆ ಆಂಪ್ ಯಾರಿಗೆ?

ಲೆಕ್ಕ ಹಾಕಿದಾಗ ಬೇಕಾದ ವೋಲ್ಟ್ ನಿಮ್ಮ ಫೋನಿನ ಶಕ್ತಿಗಿಂತ ಸ್ಪಷ್ಟವಾಗಿ ಹೆಚ್ಚು ಬಂದವರಿಗೆ. ಮನ್ಸೂರ್, ಗಂಗೂಬಾಯಿ ಅವರಂಥವರ ಹಳೆಯ ಧ್ವನಿಮುದ್ರಣಗಳನ್ನು ಕೇಳುವವರಿಗೆ ಇದು ಬೇಗ ಎದುರಾಗುತ್ತದೆ. ಇವತ್ತಿನ ಸಿನಿಮಾ ಹಾಡುಗಳನ್ನು ಜೋರು ಮಟ್ಟದಲ್ಲೇ ತಯಾರಿಸಿರುತ್ತಾರೆ. ಹಳೆಯ ಎಷ್ಟೋ ಮುದ್ರಣಗಳು ಮೆಲ್ಲಗಿವೆ, ವಾಲ್ಯೂಮ್ ತುದಿ ಮುಟ್ಟಿದರೂ ಸಾಲೋದಿಲ್ಲ. ಲ್ಯಾಪ್‌ಟಾಪಿನ ಜ್ಯಾಕಿನಲ್ಲಿ ಸುಂಯ್ ಅನ್ನೋ ಸದ್ದು ಬರುತ್ತಿದ್ದರೂ ಹೊರಗಿನ ಸಾಧನ ಬೇಕು, ಆದರೆ ಆಗಲೂ ಮೊದಲು ಸಾವಿರದೊಳಗಿನ ಡಾಂಗಲ್ ಹಾಕಿ ನೋಡಿ. ಆಪಲ್ ಡಾಂಗಲ್ ತಗೊಳ್ಳುವವರು ಗಮನಿಸಿ: ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಪೂರ್ತಿ ಸದ್ದು ಕೊಡುವುದಿಲ್ಲ.

ನಮ್ಮ ಬಿಸಿಲಿಗೆ, ನಮ್ಮ ಮನೆಗೆ

ಅಂಕಿ ಆಯ್ತು, ಇನ್ನು ಆಕಾರ. ಓಪನ್-ಬ್ಯಾಕ್ ಹೆಡ್‌ಫೋನಿನಲ್ಲಿ ದನಿ ವಿಶಾಲವಾಗಿ ಕೇಳುತ್ತದೆ ಅಂತ ಹೊಗಳುತ್ತಾರೆ, ನಿಜ. ಆದರೆ ನೀವು ಕೇಳುವುದು ಪಕ್ಕದಲ್ಲಿ ಮಲಗಿದ ತಮ್ಮನಿಗೂ ಕೇಳುತ್ತದೆ, ಹೊರಗಿನ ಟ್ರ್ಯಾಕ್ಟರ್ ಸದ್ದು ನಿಮ್ಮ ಕಿವಿಗೂ ಬರುತ್ತದೆ. ಮಂದಿ ತುಂಬಿದ ಮನೆಗೆ ಕ್ಲೋಸ್ಡ್-ಬ್ಯಾಕ್ ಸರಿ. ಆದರೆ ಏಪ್ರಿಲ್-ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಕಿವಿ ಮುಚ್ಚುವ ರೆಕ್ಸಿನ್ ಪ್ಯಾಡ್ ಅರ್ಧ ಗಂಟೆಯಲ್ಲಿ ಬೆವರು ಬಿಡಿಸುತ್ತದೆ, ಬೆವರಿಗೆ ಪ್ಯಾಡ್ ಸುಲಿಯುತ್ತದೆ. ಬಟ್ಟೆ ಹೊದಿಕೆಯ ಪ್ಯಾಡ್ ಮೇಲು. ಮುದ್ದೇಬಿಹಾಳದ ಬಸ್ಸಿನಲ್ಲಿ ಓಡಾಡುವವರಿಗೆ ರಬ್ಬರ್ ತುದಿಯ, ಕಿವಿಯೊಳಗೆ ಬಿಗಿಯಾಗಿ ಕೂರುವ ವೈರ್ ಇಯರ್‌ಫೋನ್ ಒಳ್ಳೆಯದು. ಇಂಜಿನ್ ಸದ್ದು ತಡೆದರೆ ವಾಲ್ಯೂಮ್ ಏರಿಸುವ ಪ್ರಮೇಯವೇ ಬರದು. ಎರಡು ಸಾವಿರದೊಳಗೇ ಇವುಗಳಲ್ಲಿ ಚೆನ್ನಾಗಿ ಕೇಳಿಸುವವು ಸಿಗುತ್ತವೆ, ಫೋನೇ ಇವನ್ನು ಸಲೀಸಾಗಿ ಓಡಿಸುತ್ತದೆ.

ರಿಪೇರಿಯ ಹಕ್ಕು ಇಲ್ಲೂ ಇದೆ

2016ರಲ್ಲಿ ಆಪಲ್ ಐಫೋನ್ 7ರಿಂದ ಹೆಡ್‌ಫೋನ್ ಜ್ಯಾಕ್ ತೆಗೆಯಿತು, ಅದೇ ವೇದಿಕೆಯಲ್ಲಿ ಏರ್‌ಪಾಡ್ಸ್ ಪರಿಚಯಿಸಿತು. ಉಳಿದ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ವೈರ್‌ಲೆಸ್ ಇಯರ್‌ಬಡ್‌ನ ಪುಟ್ಟ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಅಂಟು ಹಾಕಿ ಮುಚ್ಚಿದ್ದನ್ನು ಬಿಚ್ಚಿ ಬ್ಯಾಟರಿ ಬದಲಿಸುವುದು ನಮ್ಮೂರ ಅಂಗಡಿಯಲ್ಲಿ ಆಗದ ಮಾತು. ವೈರ್ ಕಿತ್ತ ಹೆಡ್‌ಫೋನಿಗೆ ಅದೇ ಅಂಗಡಿಯವರು ಬೆಸುಗೆ ಹಾಕಿ ಹೊಸ ಪಿನ್ ಕೂರಿಸಿಕೊಡುತ್ತಾರೆ.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರಿ’ ಪೋರ್ಟಲ್ ತೆರೆಯಿತು. ಟ್ರ್ಯಾಕ್ಟರ್‌ನಂಥ ಕೃಷಿ ಯಂತ್ರಗಳೂ ಮೊಬೈಲು-ಎಲೆಕ್ಟ್ರಾನಿಕ್ಸೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ ಮಾಹಿತಿ ಕೊಡುತ್ತದೆ, ಬಿಡಿಭಾಗ ಕೊಡಲೇಬೇಕು ಅಂತ ಕಂಪನಿಯ ಕೈ ಹಿಡಿದು ಕೂರಿಸುವ ಕಾನೂನು ಅದಲ್ಲ. ಹಾಗಾಗಿ ನಾವು ಕೊಳ್ಳುವಾಗಲೇ ಕೇಳಬೇಕು: ಕೇಬಲ್ ಬಿಚ್ಚಿ ಬದಲಿಸಲು ಬರುತ್ತಾ? ಪ್ಯಾಡ್ ಬೇರೆ ಸಿಗುತ್ತಾ? ಎರಡಕ್ಕೂ ಹೌದು ಅನ್ನುವ ಮೂರು ಸಾವಿರದ ಹೆಡ್‌ಫೋನ್, ಎರಡಕ್ಕೂ ಇಲ್ಲ ಅನ್ನುವ ಐದು ಸಾವಿರದ್ದಕ್ಕಿಂತ ಅಗ್ಗ.

ಕಿವಿಗೆ ಬಿಡಿಭಾಗ ಇಲ್ಲ

ಆಂಪ್ ಬೇಡ ಅನ್ನಲು ದುಡ್ಡಿಗಿಂತ ದೊಡ್ಡ ಕಾರಣ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ನಾಲ್ಕೇ ಗಂಟೆ. 100ಕ್ಕೆ ಏರಿದರೆ ವಾರಕ್ಕೆಲ್ಲ ಸೇರಿ 20 ನಿಮಿಷ. ಜಾತ್ರೆಯ ಡಿಜೆ ಮುಂದೆ ನಿಂತ ವಾರ ಆ ಲೆಕ್ಕ ಮೊದಲೇ ಮುಗಿದಿರುತ್ತದೆ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಬಲದ ಆಂಪ್, ಬೆರಳು ತಪ್ಪಿದರೆ ಆ ಅಪಾಯವನ್ನೇ ಹತ್ತಿರ ತರುತ್ತದೆ.

ಕೊನೆಗೆ ನನ್ನ ಹಂಚಿಕೆ ಹೇಳುತ್ತೇನೆ. ಐದು ಸಾವಿರದಲ್ಲಿ ಮೂರೂವರೆ ಹೆಡ್‌ಫೋನಿಗೆ. ಫೋನಿಗೆ ಜ್ಯಾಕ್ ಇಲ್ಲದಿದ್ದರೆ ಸಾವಿರದೊಳಗೆ ಡಾಂಗಲ್. ಉಳಿದದ್ದು ಮುಂದಿನ ವರ್ಷದ ಪ್ಯಾಡ್ ಮತ್ತು ಕೇಬಲ್‌ಗೆ. ಆರು ತಿಂಗಳು ಬಳಸಿ. ವಾಲ್ಯೂಮ್ ತುದಿ ಮುಟ್ಟಿಯೂ ಸದ್ದು ಸಾಲದು ಅನ್ನಿಸಿದರೆ ಆವಾಗ ಆಂಪ್ ಬಗ್ಗೆ ಮಾತಾಡೋಣ.