ಜೂನ್ 21ರ ನೆರಳು ಯಾವ ಕಡೆ?

ವರ್ಷದ ಅತಿ ದೊಡ್ಡ ಹಗಲು ಎಂದರೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದೇ ಬಹಳ ಜನ ತಿಳಿದಿದ್ದಾರೆ. ಜೂನ್ 21ರಂದು ವಿಜಯವಾಡದ ಪಟಮಟದಲ್ಲಿ ಮಧ್ಯಾಹ್ನ 12 ಗಂಟೆ 9 ನಿಮಿಷದ ಹೊತ್ತಿಗೆ ಮಹಡಿಯ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಮೋಡ ದಯೆ ತೋರಿದರೆ ಸುಮಾರು 12 ಸೆಂಟಿಮೀಟರ್ ನೆರಳು ಬೀಳುತ್ತದೆ, ಅದೂ ದಕ್ಷಿಣಕ್ಕೆ! ಪಟಮಟ ಇರುವುದು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದು ಸೂರ್ಯ ಇರುವುದು 23.4 ಡಿಗ್ರಿಯ ಕರ್ಕಾಟಕ ಸಂಕ್ರಾಂತಿ ವೃತ್ತದ ನೆತ್ತಿಯಲ್ಲಿ. ಇಲ್ಲಿಯ ನೆತ್ತಿಯನ್ನು ಅವನು ಮೇ 6ರ ಆಸುಪಾಸಿನಲ್ಲೇ ದಾಟಿರುತ್ತಾನೆ, ಮರಳಿ ದಾಟುವುದು ಆಗಸ್ಟ್ 6ರ ಸುಮಾರಿಗೆ. ವಿಶಾಖಪಟ್ಟಣದಲ್ಲಾದರೆ ಮೇ 11 ಮತ್ತು ಆಗಸ್ಟ್ 2ರ ಹೊತ್ತಿಗೆ.

ಬಾಡಿಗೆ ಮನೆ ಹುಡುಕುವವರಿಗೆ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. "ಉತ್ತರದ ಬಾಲ್ಕನಿ, ಬಿಸಿಲೇ ಬೀಳಲ್ಲ" ಎನ್ನುವ ಮಾತು ಚಳಿಗಾಲಕ್ಕೆ ಸರಿ. ಜೂನ್ 21ರಂದು ಸೂರ್ಯ ಈಶಾನ್ಯದ ಕಡೆಗೆ ವಾಲಿ ಹುಟ್ಟಿ, ಇಡೀ ದಿನ ಉತ್ತರದಲ್ಲೇ ಉಳಿದು, ವಾಯವ್ಯದ ಕಡೆಗೇ ಮುಳುಗುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ದಕ್ಷಿಣದ ಗೋಡೆಗೆ ನೇರ ಬಿಸಿಲು ತಾಗುವುದೇ ಇಲ್ಲ. ಬಟ್ಟೆ ಒಣಹಾಕುವುದಿದ್ದರೆ ಉತ್ತರದ ಬಾಲ್ಕನಿಯೇ ವಾಸಿ.

ಜೂನ್ 21 ಎಂದರೆ ಅತಿ ಸುಡುವ ದಿನವೆಂಬ ನಂಬಿಕೆ ವಿಜಯವಾಡದಲ್ಲಂತೂ ನಿಲ್ಲುವುದಿಲ್ಲ. ಒರಳುಕಲ್ಲೂ ಬಿರಿಯುತ್ತದೆ ಎಂದು ಇಲ್ಲಿಯವರು ಬೆದರುವ ರೋಹಿಣಿ ಕಾರ್ತೆ ಮೇ 25ರ ಸುಮಾರಿಗೆ ಹುಟ್ಟಿ ಜೂನ್ 8ರೊಳಗೆ ಮುಗಿದಿರುತ್ತದೆ. ಜೂನ್ 21ಕ್ಕೆ ಸಾಮಾನ್ಯವಾಗಿ ಮುಂಗಾರು ಬಂದಿರುತ್ತದೆ. ನಮ್ಮ ರೈತರಿಗೆ ಅದು ಆರಿದ್ರಾ ಮಳೆ ಕೂಡುವ ಕಾಲ. ಭೂಮಿ ಸೂರ್ಯನ ಹತ್ತಿರ ಹೋಗುವುದರಿಂದ ಬೇಸಿಗೆ ಎನ್ನುವುದೂ ತಪ್ಪು. ಜುಲೈ ಮೊದಲ ವಾರದಲ್ಲಿ ನಾವು ಅವನಿಂದ ಅತಿ ದೂರದಲ್ಲಿರುತ್ತೇವೆ, ಸುಮಾರು 15.2 ಕೋಟಿ ಕಿಲೋಮೀಟರ್.

ಇನ್ನು ದಕ್ಷಿಣಾಯನ. ಕ್ಯಾಲೆಂಡರ್ ನೋಡಿ ಅದು ಜುಲೈ 16ಕ್ಕೋ 17ಕ್ಕೋ ಶುರು ಎನ್ನುತ್ತೇವೆ. ಸೂರ್ಯ ದಕ್ಷಿಣಕ್ಕೆ ಹೊರಳುವುದು ಮಾತ್ರ ಜೂನ್ 21ರ ಸುಮಾರಿಗೇ. ನಮ್ಮ ಪಂಚಾಂಗ ಸಂಕ್ರಾಂತಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಗುರುತಿಸುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಅದು ಕೂಡುತ್ತ ಕೂಡುತ್ತ ಈಗ 24 ಡಿಗ್ರಿ ದಾಟಿದೆ. ಕರ್ಕಾಟಕ ಸಂಕ್ರಮಣದ ಆಚರಣೆಯನ್ನು ಇದಕ್ಕಾಗಿ ಬದಲಿಸಬೇಕೆಂದು ನಾನು ಹೇಳಲಾರೆ, ಆಕಾಶದ ಲೆಕ್ಕ ಬೇರೆಯೆಂದು ಗೊತ್ತಿದ್ದರಾಯಿತು.

ಸೂರ್ಯನನ್ನು ಬಿಟ್ಟು ತಾರೀಖನ್ನು ಹಿಡಿದವರು ನಾವಷ್ಟೇ ಅಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಕೆಲ್ಟಿಕ್ ದ್ವೀಪ ಐಲ್ ಆಫ್ ಮ್ಯಾನ್‌ನಲ್ಲಿ ಜೂನ್ 21ರ ಹಗಲು 17 ಗಂಟೆ ಮೀರುತ್ತದೆ (ಪಟಮಟದಲ್ಲಿ 13 ಗಂಟೆಗಿಂತ ತುಸು ಹೆಚ್ಚು). ಆದರೂ ಅಲ್ಲಿಯ ನಡುಬೇಸಿಗೆಯ ದೊಡ್ಡ ಸಭೆ ಸೇರುವುದು ಜುಲೈ 5ಕ್ಕೆ. 18ನೇ ಶತಮಾನದಲ್ಲಿ ಕ್ಯಾಲೆಂಡರ್ ಬದಲಾಗಿ 11 ದಿನ ಕಳೆದುಹೋದಾಗ ದ್ವೀಪದವರು ಹಳೆಯ ಜೂನ್ 24ನ್ನು ಬಿಟ್ಟುಕೊಡಲಿಲ್ಲ. ಇಂದಿಗೂ ಆ ಸಭೆ ಸೇರುವ ಟಿನ್‌ವಾಲ್ಡ್ ದಿಬ್ಬಕ್ಕೆ ಹೋಗುವ ದಾರಿಗೆ ಜೊಂಡುಹುಲ್ಲು ಹಾಸಿ, ವರ್ಷದ ಕಾನೂನುಗಳನ್ನು ಬಯಲಲ್ಲಿ ನಿಂತು ಸಾರುತ್ತಾರೆ.