ಸಿಡಿಲು ಬಡಿದರೆ ಮುರಳಿ ಆಗ್ತೀವಾ?

2025ರ ‘ಸು ಫ್ರಮ್ ಸೋ’ ಸಿನಿಮಾ ನೋಡಿ ಬಂದ ನನ್ನ ತಮ್ಮ ಒಂದು ವಾರ ರಾತ್ರಿ ಬಚ್ಚಲಿಗೂ ಒಬ್ಬನೇ ಹೋಗಲಿಲ್ಲ. ಅದು ನಗಿಸುವ ಸಿನಿಮಾ, ಆದರೂ ದೆವ್ವ ಅಂದರೆ ದೆವ್ವವೇ! ಅದೇ ತಮ್ಮ ಮೊನ್ನೆ ಮಾವನ ಮೊಬೈಲಿನಲ್ಲಿ ‘ಮಿನ್ನಲ್ ಮುರಳಿ’ (2021) ನೋಡಿದ. ಮಾರನೇ ದಿನ ಗುಡುಗು ಶುರುವಾದ ಕೂಡಲೇ ಹುಣಸೆಮರದ ಕೆಳಗೆ ಹೋಗಿ ನಿಂತುಬಿಟ್ಟ. ಶಕ್ತಿ ಬರಲಿ ಅಂತ! ಅವ್ವ ರಟ್ಟೆ ಹಿಡಿದು ಎಳಕೊಂಡು ಬಂದಳು.

ಬಾಸಿಲ್ ಜೋಸೆಫ್ ನಿರ್ದೇಶಿಸಿದ ಈ ಮಲಯಾಳಂ ಸಿನಿಮಾದಲ್ಲಿ ಟೈಲರ್ ಜೈಸನ್‌ಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ನಿಜವಾದ ಸಿಡಿಲು ಹಾಗಲ್ಲ. ಮೋಡದೊಳಗೆ ಮಂಜಿನ ಹರಳು, ಸಣ್ಣ ಆಲಿಕಲ್ಲು ಡಿಕ್ಕಿ ಹೊಡೆದು ವಿದ್ಯುತ್ ಸೇರುತ್ತದೆ. ಅದು ನೆಲಕ್ಕೆ ಇಳಿಯುವಾಗ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು! ಎತ್ತರದ ಮರ ಅದಕ್ಕೆ ಸುಲಭದ ದಾರಿ. ಮರಕ್ಕೆ ಬಡಿದದ್ದು ಕೆಳಗೆ ನಿಂತವರಿಗೂ ಹಾರುತ್ತದೆ, ಬುಡದ ನೆಲದಲ್ಲೂ ಹರಿಯುತ್ತದೆ. ಹೃದಯವೇ ನಿಂತುಹೋಗಬಹುದು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡ್ ಆದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರ. ಎಣಿಸುವುದು ಮನೆಯೊಳಗೆ ನಿಂತು, ಮತ್ತೆ!

ಸಿನಿಮಾ ಹೇಗಿದೆ ಅಂತೀರಾ? ಚೆನ್ನಾಗಿದೆ. ಆದರೆ ನನಗೆ ಹೀರೋಗಿಂತ ಶಿಬುವೇ ಹಿಡಿಸಿದ. ಅವನಿಗೂ ಅದೇ ರಾತ್ರಿ ಸಿಡಿಲು ಬಡಿಯುತ್ತದೆ, ಶಕ್ತಿ ಬರುತ್ತದೆ. ಊರವರು ಹುಚ್ಚ ಅಂತ ದೂರ ಇಟ್ಟವನು ಕೊನೆಗೆ ವಿಲನ್ ಆಗ್ತಾನೆ. ಆ ಪಾತ್ರ ಮಾಡಿದವರು ಗುರು ಸೋಮಸುಂದರಂ. ಅವನು ಅತ್ತಾಗ ನನಗೂ ಅಳು ಬಂತು. ಅಷ್ಟೊತ್ತಿಗೆ ತಮ್ಮ ನಿದ್ದೆ ಹೋಗಿದ್ದ.