ಬಣ್ಣದ ಹಿಂದಿನ ಗೋಡೆ

ಹೆಬ್ಬಾಳದ ಕೆರೆಗೆ ಸಮೀಪದ ಕೆಂಪಾಪುರದಲ್ಲಾಗಲಿ, ಬೇರಾವ ಬಡಾವಣೆಯಲ್ಲಾಗಲಿ, ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದರೆ ಗಿಲಾವು ಮುಗಿದ ಕೆಲವೇ ದಿನಗಳಲ್ಲಿ ಗೋಡೆಗೆ ಬಣ್ಣ ಬಳಿಸಿಬಿಡುವುದುಂಟು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬೊಬ್ಬೆಯೆದ್ದು ಹಪ್ಪಳದಂತೆ ಉದುರತೊಡಗುತ್ತದೆ. ನಾವು ಬಣ್ಣವನ್ನು ದೂರುತ್ತೇವೆ. ಆದರೆ ತಪ್ಪು ಅನೇಕ ವೇಳೆ ಬಣ್ಣದ್ದಲ್ಲ, ಅದರ ಹಿಂದಿರುವ ಗೋಡೆಯದು.

ನಮ್ಮ ಹಿರಿಯರು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ನೀರಿನಲ್ಲಿ ಅರಳಿಸಿದ ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೋಡೆಯ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಈ ಲೇಪದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆಯ ತೇವವು ಸುಲಭವಾಗಿ ಹೊರಹೋಗುತ್ತಿತ್ತು.

ಸಿಮೆಂಟು ಗಟ್ಟಿಯಾಗುವಾಗಲೂ ಇದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಅದು ಪ್ರಬಲವಾದ ಕ್ಷಾರ. ಯಶವಂತಪುರದ ಬಳಿ ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆ ಇರುವುದು ಎಲ್ಲರಿಗೂ ತಿಳಿದದ್ದೇ. ಎಣ್ಣೆಯೂ ಕ್ಷಾರವೂ ಕೂಡಿದರೆ ಸಾಬೂನು. ಹಸಿ ಗೋಡೆಗೆ ಎಣ್ಣೆಬಣ್ಣ ಬಳಿದಾಗ ನಡೆಯುವುದೂ ಇದೇ ಕ್ರಿಯೆ; ಬಣ್ಣದ ಎಣ್ಣೆ ಸಾಬೂನಾಗಿ, ಪದರವು ಹಿಡಿತ ತಪ್ಪುತ್ತದೆ. ಈಗಿನ ಅಕ್ರಿಲಿಕ್ ಎಮಲ್ಷನ್ ಬಣ್ಣಗಳು ಕ್ಷಾರವನ್ನು ಹೆಚ್ಚು ತಡೆಯುತ್ತವೆಯಾದರೂ ನೀರಿನ ಕಾಟ ಅವಕ್ಕೂ ತಪ್ಪಿದ್ದಲ್ಲ. ಗೋಡೆಯೊಳಗಿನ ನೀರು ಹೊರಬರುವಾಗ ಲವಣಗಳನ್ನು ಕರಗಿಸಿ ತರುತ್ತದೆ. ನೀರು ಆರಿದ ಮೇಲೆ ಉಳಿದ ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ.

ಇವೆರಡನ್ನೂ ಮನೆಯಲ್ಲಿಯೇ ಪರೀಕ್ಷಿಸಬಹುದು. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಆರತಿಯ ಓಕುಳಿ ಕೆಂಪಾಗುವುದಷ್ಟೆ. ಅಂತೆಯೇ ಅರಿಶಿನದಲ್ಲಿ ಅದ್ದಿ ಒಣಗಿಸಿದ ಹೀರುಕಾಗದವನ್ನು, ಶುದ್ಧ ನೀರಿನಿಂದ ಒದ್ದೆ ಮಾಡಿದ ಬರಿಯ ಗಿಲಾವಿಗೆ ಒತ್ತಿ ನೋಡೋಣ. ಕಾಗದ ಕೆಂಪಾದರೆ ಕ್ಷಾರ ಇನ್ನೂ ಉಳಿದಿದೆ. ತೇವಕ್ಕೆ ಇನ್ನೊಂದು ಪರೀಕ್ಷೆ: ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳನ್ನೂ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಮೂಡಿದರೆ ಬಣ್ಣಕ್ಕೆ ಕಾಲ ಕೂಡಿಬಂದಿಲ್ಲ.

ಗೋಡೆ ಆರಿದ ಬಳಿಕ ಸಡಿಲ ಪದರಗಳನ್ನು ಕೆರೆದು, ಬಿರುಕುಗಳನ್ನು ತುಂಬಿ, ಪುಟ್ಟಿ ಹಚ್ಚಿ, ಉಜ್ಜಿ, ಧೂಳೊರೆಸಿ, ಕ್ಷಾರವನ್ನು ತಡೆಯುವ ಪ್ರೈಮರ್ ಬಳಿಯಬೇಕು. ಬಣ್ಣದ ಸರದಿ ಕೊನೆಯದು. ಕೊಳಾಯಿಯ ಸೋರಿಕೆಯಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಇಲ್ಲವಾದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಹಳೆಯ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 2017ರ ನವೆಂಬರ್ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮದಂತೆ ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಕೂಡದು. ಅದಕ್ಕೆ ಹಿಂದಿನ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿಯಲ್ಲಿ, ಸೀಸ ಬಹಳವಾಗಿರಬಹುದು. ಅಂತಹ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ನೆಲದ ಮೇಲೆ ಆಡುವ ಮಗುವಿನ ಕೈಯಿಂದ ಬಾಯಿಗೆ ಸೇರಿ, ಬೆಳೆಯುತ್ತಿರುವ ಮಿದುಳಿಗೆ ಕೇಡು ಮಾಡುತ್ತದೆ. ಇಷ್ಟು ಸೀಸದಿಂದ ಅಪಾಯವಿಲ್ಲ ಎಂಬ ಮಿತಿಯೇ ವಿಜ್ಞಾನಕ್ಕೆ ತಿಳಿದಿಲ್ಲ. ಆದುದರಿಂದ ಹಳೆಯ ಬಣ್ಣವನ್ನು ನೀರು ಚಿಮುಕಿಸಿಯೇ ಕೆರೆಯಬೇಕು, ಸುಡಕೂಡದು. ಕೆರೆಯುವವರು ಧೂಳು ತಡೆಯುವ ಮುಖಕವಚ ಧರಿಸಬೇಕು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು.

ಹಬ್ಬಕ್ಕೆ ಮೊದಲೇ ಬಣ್ಣ ಮುಗಿಯಬೇಕೆಂಬ ಆತುರ ಸಹಜವಾದದ್ದೇ. ಆದರೆ ಮುಹೂರ್ತವನ್ನು ಪಂಚಾಂಗದಲ್ಲಿ ನೋಡುವ ನಾವು ಒಮ್ಮೆ ಗೋಡೆಯನ್ನೂ ಮುಟ್ಟಿ ನೋಡಿ ಮುಂದುವರಿಯುವುದು ಲೇಸು.